ಬಾಸೆಲ್: ರೈನ್ ನದಿ ತಿರುಗುವಲ್ಲಿ ಒಂದು ವಾರಾಂತ್ಯ

ಜರ್ಮನಿಯ ಫ್ರೈಬುರ್ಗ್‌ನಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಬಾಸೆಲ್ ಬರುತ್ತದೆ. ಇಳಿಯುವ ಬಾಡಿಷರ್ ಬಾನ್‌ಹೋಫ್ ನಿಲ್ದಾಣ ಇರುವುದು ಸ್ವಿಟ್ಜರ್ಲೆಂಡಿನ ನೆಲದಲ್ಲಿ, ನಡೆಸುವುದು ಜರ್ಮನಿಯ ರೈಲ್ವೆ. ಹಾಗಾಗಿ ಜರ್ಮನಿಯ ವಿದ್ಯಾರ್ಥಿಗಳ ಕೈಯಲ್ಲಿರುವ ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ಪ್ರಯಾಣದ ಪಾಸು ಇಲ್ಲಿಯವರೆಗೂ ನಡೆಯುತ್ತದೆ. ಊರಿನ 8ನೇ ನಂಬರಿನ ಟ್ರಾಮ್ ಜರ್ಮನಿಯ ವೈಲ್ ಆಮ್ ರೈನ್‌ಗೆ ಹೋಗುತ್ತದೆ, 3ನೇ ನಂಬರಿನದು ಫ್ರಾನ್ಸಿನ ಸೇಂಟ್ ಲೂಯಿಗೆ. ಮೂರು ದೇಶ ಕೂಡುವ ಈ ಮೂಲೆಯಲ್ಲಿ ಗಡಿ ದಾಟುವುದೆಂದರೆ ಕೆಲಸಕ್ಕೆ ಹೋಗಿ ಬಂದಷ್ಟು, ದಿನಸಿ ತಂದಷ್ಟು ಮಾಮೂಲಿ.

ಆದರೂ ಯುರೋಪಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರಿಗೆ ಬಾಸೆಲ್ ಎಂದರೆ ರೈಲು ಬದಲಿಸುವ ಜಂಕ್ಷನ್. ಹಿಮಬೆಟ್ಟಗಳತ್ತ ಓಡುವ ಆತುರದಲ್ಲಿ ಊರೊಳಗೆ ಕಾಲಿಡುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಫ್ರೈಬುರ್ಗ್‌ನಲ್ಲಿ ಓದುತ್ತಿದ್ದಾಗ ನಾನೂ ಗೆಳತಿಯೂ ವಾರಾಂತ್ಯಕ್ಕೆ ಇಲ್ಲಿಗೆ ಹೊರಟಿದ್ದಕ್ಕೆ ಟಿಕೆಟ್ ಒಂದು ಕಾರಣವಾದರೆ, ಊರಿನ ಹೆಸರು ಇನ್ನೊಂದು. ಅವಳು ಮಂಗಳೂರಿನವಳು, ನಾನು ಧಾರವಾಡದವಳು. ಈ ಊರಿನ ಕ್ರೈಸ್ತ ಪ್ರಚಾರ ಸಂಸ್ಥೆ ‘ಬಾಸೆಲ್ ಮಿಷನ್’ನ ಹೆಸರು ನಮ್ಮಿಬ್ಬರ ಊರಿನಲ್ಲೂ ಇದೆ.

ಮೊದಲು ನದಿಗೆ ಹೋಗಬೇಕು. ಪೂರ್ವದಿಂದ ಬರುವ ರೈನ್ ಇಲ್ಲೇ ಬಾಗಿ ಉತ್ತರಕ್ಕೆ ತಿರುಗುತ್ತದೆ. ಎತ್ತರದ ದಡದಲ್ಲಿ ಕೆಂಪು ಮರಳುಗಲ್ಲಿನ ಕ್ಯಾಥೆಡ್ರಲ್ ನಿಂತಿದೆ. 1356ರ ಭೂಕಂಪದಲ್ಲಿ ಹಾನಿಗೊಳಗಾಗಿ ಮತ್ತೆ ಎದ್ದ ಕಟ್ಟಡ ಅದು. ಅದರ ಹಿಂದಿನ ಜಗಲಿಯಿಂದ ಮೆಟ್ಟಿಲಿಳಿದರೆ ದೋಣಿಕಟ್ಟೆ ಸಿಗುತ್ತದೆ. ಊರಿನಲ್ಲಿ ಇಂಥ ನಾಲ್ಕು ದೋಣಿಗಳಿವೆ, ಒಂದಕ್ಕೂ ಎಂಜಿನ್ ಇಲ್ಲ. ದಡದಿಂದ ದಡಕ್ಕೆ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದು, ಅದರ ಮೇಲೆ ಉರುಳುವ ಗಾಲಿಗೆ ದೋಣಿಯನ್ನು ಕಟ್ಟಿರುತ್ತಾರೆ. ಅಂಬಿಗ ಚುಕ್ಕಾಣಿ ತಿರುಗಿಸಿ ದೋಣಿಯನ್ನು ಹರಿವಿಗೆ ಓರೆಯಾಗಿ ಹಿಡಿದರೆ ಸಾಕು, ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ನೇತ್ರಾವತಿಯ ಕಡೆಯವಳಾದ ಗೆಳತಿ, “ಎಂಥದು ಮಾರಾಯ್ತಿ, ಹುಟ್ಟೂ ಇಲ್ಲ, ಮೋಟಾರೂ ಇಲ್ಲ, ಆದ್ರೂ ಹೋಗ್ತಾ ಉಂಟಲ್ಲ!” ಎಂದು ಹಗ್ಗವನ್ನೇ ನೋಡುತ್ತ ಕುಳಿತಳು. ಇಂಥ ಮೊದಲ ದೋಣಿ ಶುರುವಾದದ್ದು 1854ರಲ್ಲಿ, ಕಲಾವಿದರ ಸಂಘಕ್ಕೆ ಹಣ ಕೂಡಿಸಲು. ನದಿ ದಾಟುವವರು ಕೊಟ್ಟ ಚಿಲ್ಲರೆ ಕಾಸು ಮುಂದೆ ಊರಿನ ಕಲಾಭವನ ‘ಕುನ್ಸ್ಟ್‌ಹಾಲೆ’ ಕಟ್ಟಲು ನೆರವಾಯಿತು.

ಬೇಸಿಗೆಯಲ್ಲಿ ಜನ ಈ ನದಿಗೇ ಇಳಿಯುತ್ತಾರೆ. ಮೀನಿನ ಆಕಾರದ, ನೀರು ಹೊಗದ ಚೀಲದಲ್ಲಿ ಬಟ್ಟೆ, ಚಪ್ಪಲಿ ತುಂಬಿ ಬಾಯಿ ಸುತ್ತಿ ಕಟ್ಟಿ, ಅದನ್ನು ಹಿಡಿದುಕೊಂಡು ಹರಿವಿನೊಡನೆ ಸಾಗುತ್ತಾರೆ. ಸೆಳೆತ ಜೋರು, ಚೆನ್ನಾಗಿ ಈಜು ಬಲ್ಲವರು ಮಾತ್ರ ಇಳಿಯಬೇಕು. ಇದೇ ನದಿಗೆ ಒಮ್ಮೆ ವಿಷ ಸೇರಿತ್ತು: 1986ರ ನವೆಂಬರ್ 1ರಂದು ಊರಿನ ಮೇಲ್ಭಾಗದ ಷ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿತ್ತು. ನಂದಿಸಲು ಸುರಿದ ನೀರಿನ ಜೊತೆ ಕೀಟನಾಶಕಗಳೂ ಬಣ್ಣವೂ ಹರಿದು ರೈನ್ ಕೆಂಪಾಯಿತು, ಮೀನುಗಳು ರಾಶಿರಾಶಿಯಾಗಿ ಸತ್ತವು. ಅದೇ ನೀರಿನಲ್ಲಿ ಇಂದು ಮಕ್ಕಳು ತೇಲುವುದನ್ನು ಕಂಡಾಗ ನಮ್ಮ ನದಿಗಳು ನೆನಪಾಗದೆ ಇರಲಿಲ್ಲ.

ಊರಿನ ಕಲಾ ಮ್ಯೂಸಿಯಂ ‘ಕುನ್ಸ್ಟ್‌ಮ್ಯೂಸಿಯಂ’ಗೆ ಅರ್ಧ ದಿನ ಇಟ್ಟುಕೊಳ್ಳಿ. 1661ರಲ್ಲಿ ನಗರವೂ ವಿಶ್ವವಿದ್ಯಾಲಯವೂ ಸೇರಿ ಅಮೆರ್‌ಬಾಖ್ ಕುಟುಂಬದ ಸಂಗ್ರಹವನ್ನು ಸಾರ್ವಜನಿಕರಿಗಾಗಿ ಕೊಂಡವು, ಇಂದಿನ ಸಂಗ್ರಹ ಬೆಳೆದದ್ದು ಅದರಿಂದಲೇ. ಹೋಲ್ಬೈನ್ ಬರೆದ ಸತ್ತ ಕ್ರಿಸ್ತನ ಚಿತ್ರ ಇಲ್ಲಿದೆ. ಉದ್ದ ಎರಡು ಮೀಟರ್, ಎತ್ತರ ಮೂವತ್ತು ಸೆಂಟಿಮೀಟರಿನಷ್ಟು, ಅಷ್ಟರಲ್ಲೇ ಒಂದು ಶವ. 1867ರಲ್ಲಿ ಇದನ್ನು ನೋಡಿ ತತ್ತರಿಸಿದ ದಾಸ್ತಯೆವ್‌ಸ್ಕಿ ‘ಈಡಿಯಟ್’ ಕಾದಂಬರಿಯಲ್ಲಿ ಈ ಚಿತ್ರವನ್ನು ತಂದಿದ್ದಾನೆ. ಅದರ ಮುಂದೆ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಪಿಕಾಸೋನ ಕಥೆ ಬೇರೆ. 1967ರಲ್ಲಿ ಇಲ್ಲಿ ಎರವಲಾಗಿ ತೂಗಿದ್ದ ಅವನ ಎರಡು ಚಿತ್ರಗಳು ಮಾರಾಟಕ್ಕೆ ಬಂದವು. ಬೆಲೆ 84 ಲಕ್ಷ ಫ್ರಾಂಕ್. ಬೊಕ್ಕಸದಿಂದ 60 ಲಕ್ಷ ಕೊಡಬೇಕೇ ಎಂದು ಜನಮತಗಣನೆ ನಡೆದು ‘ಹೌದು’ ಗೆದ್ದಿತು. ಉಳಿದದ್ದಕ್ಕಾಗಿ ಊರಿನವರು ಬೀದಿಯಲ್ಲಿ ‘ಭಿಕ್ಷುಕರ ಹಬ್ಬ’ವನ್ನೇ ನಡೆಸಿದರು. ಸುದ್ದಿ ತಿಳಿದ ಪಿಕಾಸೋ ಮನಸೋತು ಇನ್ನೂ ನಾಲ್ಕು ಕೃತಿಗಳನ್ನು ಉಚಿತವಾಗಿ ಕೊಟ್ಟ. ತೆರಿಗೆಯ ಹಣ ಚಿತ್ರಕ್ಕೆ ಹೋಗಲಿ ಎಂದು ಮತ ಹಾಕಿದ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಾಸೆಲ್‌ನ ಇನ್ನೊಂದು ಆಸ್ತಿ ಅಚ್ಚಿನ ಕೆಲಸ. ಸೇಂಟ್ ಆಲ್ಬನ್ ಕಾಲುವೆಯ ಬಳಿಯ ಹಳೆಯ ಕಾಗದದ ಗಿರಣಿ ಈಗ ಮ್ಯೂಸಿಯಂ. ನೀರಿನ ಚಕ್ರ ಇನ್ನೂ ತಿರುಗುತ್ತದೆ, ನೋಡಬಂದವರು ತಾವೇ ಕೈಯಿಂದ ಒಂದು ಹಾಳೆ ಎತ್ತಬಹುದು. ವಿದ್ವಾಂಸ ಎರಾಸ್ಮಸ್ ಈ ಊರಿಗೆ ಬಂದದ್ದು ಫ್ರೋಬೆನ್‌ನ ಮುದ್ರಣಾಲಯಕ್ಕಾಗಿ. ಎರಾಸ್ಮಸ್‌ನ ಸಮಾಧಿ ಕ್ಯಾಥೆಡ್ರಲ್ಲಿನೊಳಗೇ ಇದೆ. ವೈದ್ಯ ವೆಸಾಲಿಯಸ್‌ನ ಅಂಗರಚನಾ ಗ್ರಂಥ 1543ರಲ್ಲಿ ಅಚ್ಚಾದದ್ದೂ ಇಲ್ಲೇ.

ಅದಾಗಿ ಸರಿಯಾಗಿ ಮುನ್ನೂರು ವರ್ಷಕ್ಕೆ, 1843ರಲ್ಲಿ, ಬಾಸೆಲ್ ಮಿಷನ್ನಿನಿಂದ ಹೋದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಬಾಸೆಲ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಹೊರಟ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದಲೇ ಬಂತು. ಇವರು ಬಂದದ್ದು ಮತ ಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ನಮ್ಮ ನುಡಿಗೆ ಅವರು ಮಾಡಿದ ದುಡಿಮೆಯ ಮೇಲೆ ನಾವು ಇಂದಿಗೂ ನಿಂತಿದ್ದೇವೆ. ಆ ಕೃತಜ್ಞತೆಯಿಂದಲೇ ನಾವು ಮಿಷನ್ ಬೀದಿಗೆ ಹೋದೆವು. 1860ರಲ್ಲಿ ಕಟ್ಟಿದ ಉದ್ದನೆಯ ಮಿಷನ್ ಹೌಸ್ ತೋಟದ ನಡುವೆ ಇದೆ, ಒಂದು ಭಾಗ ಈಗ ಹೋಟೆಲ್. ಕರಾವಳಿ, ಧಾರವಾಡ, ಕೊಡಗುಗಳ ಹಳೆಯ ಪತ್ರ, ನಕ್ಷೆ, ಫೋಟೊಗಳು ಮಿಷನ್ನಿನ ದಾಖಲೆ ಸಂಗ್ರಹದಲ್ಲಿವೆ.

ಊಟ ತುಟ್ಟಿ. ನಾವು ಟ್ರಾಮ್ ಹತ್ತಿ ವೈಲ್ ಆಮ್ ರೈನ್‌ಗೆ ಹೋಗಿ ಊಟ ಮಾಡಿ ಬಂದೆವು, ನೀವೂ ಹಾಗೇ ಮಾಡಬಹುದು. ರಾತ್ರಿ ಉಳಿದರೆ ವಸತಿಗೃಹದವರು ಕೊಡುವ ಬಾಸೆಲ್ ಕಾರ್ಡ್ ಕೇಳಿ ಪಡೆಯಿರಿ, ಊರೊಳಗಿನ ಟ್ರಾಮ್ ಪ್ರಯಾಣ ಅದರಲ್ಲೇ ಆಗುತ್ತದೆ. ಮಿಷನ್ನಿನ ದಾಖಲೆಗಳನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಮೊದಲೇ ಬರೆದು, ಕೆಲಸದ ದಿನವೊಂದನ್ನು ಸೇರಿಸಿಕೊಂಡು ಹೊರಡಿ. ಫೋಟೊಗಳು ಅಂತರ್ಜಾಲದಲ್ಲೂ ನೋಡಸಿಗುತ್ತವೆ. ನಿಮ್ಮ ಊರಿನ ಹೆಸರು ಕೊಟ್ಟು ಹುಡುಕಿ ನೋಡಿ.