ಮೆಣಸಿನಕಾಯಿ ಬಣ್ಣ ಅಳೆದಂಗೆ ಸಮುದ್ರದ ಬಣ್ಣ: ಉಪಗ್ರಹದ ಚಿತ್ರ ತೊಳೆಯೋದು ಹೇಗೆ?

ಮೋಟೆಬೆನ್ನೂರು: ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ನಿಂತಿರೋದೇ ಬಣ್ಣದ ಮೇಲೆ. ದೊಡ್ಡ ಖರೀದಿದಾರರಿಗೆ ಕಣ್ಣಂದಾಜು ಸಾಲದು, ಲ್ಯಾಬ್‌ನಲ್ಲಿ ಅಳೆದ 'ಅಸ್ಟಾ' ನಂಬರ್ ಬೇಕು. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಆ ದ್ರಾವಣಕ್ಕೆ 460 ನ್ಯಾನೋಮೀಟರ್ ತರಂಗದ ಬೆಳಕು ಬಿಡ್ತಾರೆ. ಎಷ್ಟು ಬೆಳಕು ಹೀರಿಕೊಳ್ತೋ ಅಷ್ಟು ಬಣ್ಣ.

ಸಮುದ್ರದ ನೀರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಳೆಯೋದು ಮಾತ್ರ ಆಕಾಶದಿಂದ.

ಏನಿದು ಹೈಪರ್‌ಸ್ಪೆಕ್ಟ್ರಲ್?

ಮೊಬೈಲ್ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು ಮಾಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದನ್ನೇ ಹತ್ತಾರು, ನೂರಾರು ಸಣ್ಣ ಪಟ್ಟಿಗಳಾಗಿ ಸೀಳುತ್ತದೆ. ಇಸ್ರೋ 2008ರಲ್ಲಿ ಹಾರಿಸಿದ ಐಎಂಎಸ್-1ರಲ್ಲಿ 64 ಪಟ್ಟಿಗಳ ಕ್ಯಾಮೆರಾ ಇತ್ತು. 2018ರ ನವೆಂಬರ್ 29ರಂದು 380 ಕೆ.ಜಿ. ತೂಕದ 'ಹೈಸಿಸ್' 636 ಕಿ.ಮೀ. ಎತ್ತರದ ಕಕ್ಷೆಗೆ ಹೋಯಿತು. ಅದರ ಚಿತ್ರದ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ರೈತರ ಲೆಕ್ಕದಲ್ಲಿ ಸುಮಾರು 9 ಗುಂಟೆ.

ಮೊದಲು ಗಾಳಿ ಕಳೀಬೇಕು

ಕಷ್ಟ ಇರೋದು ಚಿತ್ರ ಬಂದ ಮೇಲೆ. ಸಮುದ್ರದ ಮೇಲಿಂದ ಉಪಗ್ರಹಕ್ಕೆ ಮುಟ್ಟೋ ಬೆಳಕಿನಲ್ಲಿ ಸುಮಾರು ಶೇ 90 ಗಾಳಿ, ದೂಳು, ತೇವದಿಂದ ಚದುರಿ ಬಂದದ್ದು. ನೀರಿನೊಳಗಿಂದ ಬಂದದ್ದು ಉಳಿದ ಚೂರು ಮಾತ್ರ. ಆ ಗಾಳಿಯ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು.

ಇದಕ್ಕೊಂದು ಉಪಾಯ ಇದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಿಳಿ ನೀರು ಹೆಚ್ಚುಕಡಿಮೆ ಪೂರ್ತಿ ನುಂಗಿಬಿಡುತ್ತದೆ. ಹಂಗಾಗಿ ಆ ಪಟ್ಟಿಯಲ್ಲಿ ಏನಾದರೂ ಹೊಳೆದರೆ ಅದು ಗಾಳಿಯದ್ದೇ ಅಂತ ಹಿಡಿದು, ಉಳಿದ ಪಟ್ಟಿಗಳಿಂದಲೂ ಅದರ ಅಂದಾಜು ಕಳೆಯುತ್ತಾರೆ.

ಆಳ ಸಮುದ್ರದಲ್ಲಿ ಇದು ನಡೆಯುತ್ತದೆ, ದಂಡೆ ಹತ್ತಿರ ಕೈಕೊಡುತ್ತದೆ. ಕಾಳಿ, ಶರಾವತಿಯಂಥ ನದಿಗಳು ತರೋ ಕೆಸರು ಅವಕೆಂಪನ್ನೂ ಹೊಳೆಸುತ್ತದೆ. ಅದನ್ನೂ ಗಾಳಿ ಅಂತ ಕಳೆದರೆ ಲೆಕ್ಕ ಎಡವಟ್ಟು. ಅದಕ್ಕೇ ಕರಾವಳಿಗೆ ಇನ್ನೂ ಉದ್ದ ತರಂಗದ ಪಟ್ಟಿಗಳನ್ನು ಬಳಸುತ್ತಾರೆ. ಅಲ್ಲಿ ಕೆಸರು ನೀರೂ ಕಪ್ಪೇ.

ಪಾಚಿಯೋ, ಕೆಸರೋ?

ಗಾಳಿ ಕಳೆದ ಮೇಲೆ ಉಳಿದ ಬಣ್ಣ ಓದಬೇಕು. ಪಾಚಿಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತದೆ. ಎಲೆ ಕೊಳೆತ ಚಹಾ ಬಣ್ಣದ ನೀರೂ ನೀಲಿಯನ್ನೇ ಹೀರುತ್ತದೆ. ಬರೀ ನೀಲಿ ನೋಡಿದರೆ ಎರಡೂ ಒಂದೇ. ಪಟ್ಟಿ ಹೆಚ್ಚಿದ್ದರೆ 675ರ ಹತ್ತಿರ ಕೆಂಪಿನಲ್ಲಿ ತಗ್ಗು ಕಾಣುತ್ತಾ ಅಂತ ನೋಡಬಹುದು. ಕಂಡರೆ ಅದು ಪಾಚಿ. 620ರ ಹತ್ತಿರ ಇನ್ನೊಂದು ತಗ್ಗಿದ್ದರೆ ನೀಲಿ-ಹಸಿರು ಪಾಚಿ, ಅದರಲ್ಲಿ ಕೆಲವು ವಿಷದವೂ ಇವೆ. ಕೊನೆಗೆ ದೋಣಿಯಲ್ಲಿ ಹೋಗಿ ತಂದ ನೀರಿನ ಜೊತೆ ತಾಳೆ ನೋಡಲೇಬೇಕು.

ನಮಗೇನು?

ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಬಣ್ಣ ಮತ್ತು ಮೇಲ್ಮೈ ಬಿಸಿ ನೋಡಿ, ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತದೆ. ಇದಕ್ಕೆ ಕಡಿಮೆ ಪಟ್ಟಿಗಳ, ಆದರೆ ಅಗಲ ಜಾಗ ನೋಡೋ ಉಪಗ್ರಹಗಳು ಬೇಕು. 2022ರಲ್ಲಿ ಹಾರಿದ ಇಒಎಸ್-06ರ ಬಣ್ಣದ ಕ್ಯಾಮೆರಾಕ್ಕೆ 13 ಪಟ್ಟಿ. ಹೈಸಿಸ್ ಒಂದು ಸಲಕ್ಕೆ ನೋಡೋದು 30 ಕಿ.ಮೀ. ಅಗಲ ಮಾತ್ರ. ಲೆಕ್ಕ ತಪ್ಪಿದರೆ ದೋಣಿ ಡೀಸೆಲ್ ಸುಟ್ಟು ಕೆಸರಿನ ಕಡೆ ಹೋದಂಗೆ. ಆ ಖರ್ಚು ಹೆದ್ದಾರಿ ಬದಿ ಖಾನಾವಳಿಯ ಮೀನಿನ ತಟ್ಟೆವರೆಗೂ ಬರುತ್ತದೆ.

ಸಮುದ್ರ ಇಲ್ಲದ ತಾಲ್ಲೂಕಿಗೂ ಈ ವಿದ್ಯೆ ದೂರದ್ದಲ್ಲ. 10 ಎಕರೆ ಕೆರೆ ಅಂದ್ರೆ ಹೈಸಿಸ್ ಚಿತ್ರದಲ್ಲಿ ಸುಮಾರು 45 ಚುಕ್ಕಿ. ಕೆರೆಯ ಹಸಿರು ಯಾವ ಪಾಚಿಯದ್ದು ಅನ್ನೋ ಸುಳಿವು ಅಷ್ಟರಲ್ಲಿ ಸಿಗಬಹುದು. ಆದರೆ ಮೋಡದ ಕೆಳಗಿನ ನೀರು ಈ ಕ್ಯಾಮೆರಾಕ್ಕೆ ಕಾಣಲ್ಲ, ಮಳೆಗಾಲದಲ್ಲಿ ಚಿತ್ರ ಸಿಗೋದೇ ಕಷ್ಟ. ಬಣ್ಣ ನೋಡಿ ನೀರು ಕುಡಿಯೋಕೆ ಯೋಗ್ಯ ಅಂತ ಹೇಳೋಕೂ ಆಗಲ್ಲ. ಅದಕ್ಕೆ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬ್‌ಗೇ ಕೊಡಬೇಕು.