“ಕೈ ಗಟ್ಟಿಯಾಗಿ ಹಿಡೀರಿ”

ಮೆದುಳಿನ ಆಪರೇಷನ್ ಮುಗಿದೊಡನೆ ವೈದ್ಯರು ರೋಗಿಯ ಕಿವಿಯ ಬಳಿ ಬಾಗಿ ಹೇಳುವ ಮಾತಿದು. ಆ ಹಿಡಿತ ಮರಳಲು ಕೊಡುವ ಔಷಧದ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಕೊನೆಯಲ್ಲಿ ಕೊಡುವ ಇಂಜೆಕ್ಷನ್ ರೋಗಿಯನ್ನು ಎಚ್ಚರಿಸುತ್ತದೆ.

ವಾಸ್ತವ: ಇಲ್ಲ. ಪ್ರಜ್ಞೆ ತಪ್ಪಿಸುವ ಔಷಧ ಬೇರೆ, ಸ್ನಾಯು ಸಡಿಲಿಸುವ ರೊಕುರೋನಿಯಂ, ವೆಕುರೋನಿಯಂ ಬೇರೆ. ಇವು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತವೆ. ನಿಯೋಸ್ಟಿಗ್ಮಿನ್ ಅಥವಾ ಸುಗಮಡೆಕ್ಸ್ ಆ ತಡೆಯನ್ನಷ್ಟೇ ತೆಗೆಯುತ್ತದೆ. ಕಣ್ಣು ಬಿಡುವುದು ಅರಿವಳಿಕೆ ಇಳಿದ ಮೇಲೆ, ಅದೂ ಮೆದುಳಿನ ಸ್ಥಿತಿಗೆ ತಕ್ಕಂತೆ.

ತಪ್ಪು ಕಲ್ಪನೆ: ಸ್ವಲ್ಪ ನಿತ್ರಾಣ ಉಳಿದರೇನು, ತಾನಾಗಿ ಇಳಿಯುತ್ತದೆ.

ವಾಸ್ತವ: ಮೆದುಳಿನ ವಿಷಯದಲ್ಲಿ ಈ ಉದಾಸೀನ ಸಲ್ಲದು. ಉಸಿರಾಟ ಕುಗ್ಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ತಲೆಬುರುಡೆ ಹಿಗ್ಗದು, ಒಳಗಿನ ಒತ್ತಡ ಹೆಚ್ಚುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ರೋಗಿ ಕೈ ಎತ್ತಲಿಲ್ಲ ಎನ್ನಿ. ಅದು ಔಷಧದ ಉಳಿಕೆಯೋ, ಒಳಗೆ ರಕ್ತಸ್ರಾವವಾಗಿರುವ ಸೂಚನೆಯೋ? ಕಾಯಬೇಕೋ, ಸ್ಕ್ಯಾನಿಗೆ ಓಡಬೇಕೋ? ಔಷಧದ ಪ್ರಭಾವ ಪೂರ್ತಿ ಇಳಿದಿದ್ದರೆ ಈ ಗೊಂದಲದ ಒಂದು ಕಾರಣವಾದರೂ ತಪ್ಪುತ್ತದೆ.

ತಪ್ಪು ಕಲ್ಪನೆ: ಐದು ಸೆಕೆಂಡ್ ತಲೆ ಎತ್ತಿ ಹಿಡಿದರೆ ಶಕ್ತಿ ಪೂರ್ತಿ ಬಂದಂತೆ.

ವಾಸ್ತವ: ಔಷಧ ಉಳಿದಿದ್ದರೂ ಅನೇಕರು ಹಾಗೆ ಹಿಡಿಯಬಲ್ಲರು. ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಹೆಬ್ಬೆರಳಿನ ನಾಲ್ಕನೇ ಸೆಳೆತ ಮೊದಲನೆಯದರ ಶೇ. 90ರಷ್ಟಾದರೂ ಇದೆಯೇ ಎಂದು ಯಂತ್ರದಲ್ಲಿ ಅಳೆಯಬೇಕು. ಲಕ್ವ ಹೊಡೆದ ಕೈಯಲ್ಲಿ ಅಳೆದರೆ ಮೋಸ: ಆ ಸ್ನಾಯುಗಳು ಈ ಔಷಧಕ್ಕೆ ಸುಲಭವಾಗಿ ಮಣಿಯವು, ಹಾಗಾಗಿ ಅಳತೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಹೊಸ ಔಷಧವಿದ್ದರೆ ಚೇತರಿಕೆ ಖಚಿತ.

ವಾಸ್ತವ: ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಸುಗಮಡೆಕ್ಸ್, ರೊಕುರೋನಿಯಂ ಅಣುವನ್ನು ತನ್ನೊಳಗೆ ಹಿಡಿದಿಟ್ಟು ಆಳವಾದ ಸಡಿಲಿಕೆಯನ್ನೂ ಕೆಲವೇ ನಿಮಿಷಗಳಲ್ಲಿ ಕಳೆಯುತ್ತದೆ. ಆಳವಾದ ತಡೆಗೆ ನಿಯೋಸ್ಟಿಗ್ಮಿನ್ ಸಾಲದು. ಬಹುಪಾಲು ಇಳಿದಿದ್ದರೆ ಅದೂ ಸಾಕು. ಆದರೆ ಮಾತು, ನಡಿಗೆ, ನೆನಪು ಎಷ್ಟು ಮರಳುತ್ತವೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಆಪರೇಷನ್ ಆದ ಜಾಗ ಮತ್ತು ಮೆದುಳಿಗಾದ ಹಾನಿ.

ನೀವು ನುಂಗುವ ಮಾತ್ರೆಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ಬಹುಕಾಲದಿಂದ ನುಂಗುತ್ತಿರುವವರಲ್ಲಿ ಸಡಿಲಿಸುವ ಔಷಧ ಬೇಗ ಇಳಿಯುತ್ತದೆ. ಸುಗಮಡೆಕ್ಸ್ ಕೊಟ್ಟ ಮೇಲೆ ಗರ್ಭನಿರೋಧಕ ಹಾರ್ಮೋನಿನ ಪರಿಣಾಮ ತಗ್ಗಬಹುದು. 7 ದಿನ ಬೇರೆ ವಿಧಾನವೂ ಬೇಕು. ಆದ್ದರಿಂದ ಆಪರೇಷನ್‌ಗೆ ಮುನ್ನ ಅರಿವಳಿಕೆ ತಜ್ಞರು ಬಂದಾಗ ನಿಮ್ಮ ಮಾತ್ರೆಗಳ ಪಟ್ಟಿಯನ್ನು ಅವರ ಕೈಗೆ ಕೊಡಿ.