ತಾಳ ಮೊದಲೋ, ಸಾಹಿತ್ಯ ಮೊದಲೋ? ವಿಜ್ಞಾನ ತರಗತಿಗೆ ಹಾಡು ಕಟ್ಟುವಾಗ

ಬೋಧನಾಭ್ಯಾಸದ ಎರಡನೇ ವಾರ ಏಳನೇ ತರಗತಿಗೆ ‘ಸಸ್ಯಗಳಲ್ಲಿ ಪೋಷಣೆ’ ಪಾಠ ಮಾಡಬೇಕಿತ್ತು. ಪಾಠ ಯೋಜನೆಯಲ್ಲಿ ಒಂದು ಹಾಡನ್ನು ಸೇರಿಸಿದ್ದೆ. ಮಕ್ಕಳಿಗೆ ಮೊದಲೇ ಗೊತ್ತಿದ್ದ ಕೋಲಾಟದ ಮಟ್ಟೊಂದನ್ನು ತೆಗೆದುಕೊಂಡು ಅದರೊಳಗೆ ಪಾಠದ ಪದಗಳನ್ನು ತುಂಬಿದ್ದೆ. ಇಡೀ ತರಗತಿ ಚಪ್ಪಾಳೆ ತಟ್ಟಿ ಹಾಡಿತು. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರೂ ಮೆಚ್ಚಿದರು.

ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಮಾತ್ರ ಮನಸ್ಸು ಕುಗ್ಗಿತು. ಒಂದರ ಹಿಂದೆ ಒಂದು ಪತ್ರಿಕೆಯಲ್ಲಿ ‘ದ್ಯುತೀಸಂಶ್ಲೇಷಣೆ’ ಎಂದಿತ್ತು. ‘ತಿ’ ದೀರ್ಘವಾಗಿತ್ತು. ಚೆನ್ನಾಗಿ ಓದುವ ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. “ಹಾಡಲ್ಲಿ ಹಂಗೇ ಅಲ್ವಾ ಸರ್, ನೀವು ಹೇಳ್ಕೊಟ್ಟಿದ್ದು?” ಎಂದಳು. ಅವಳ ಮಾತು ಸರಿಯಾಗಿತ್ತು. ತಪ್ಪು ಹಾಡಿನಲ್ಲೇ ಇತ್ತು.

ಹಾಡು ಕಟ್ಟುವಾಗ ತಾಳ ಮೊದಲು ಬರಬೇಕೋ, ಸಾಹಿತ್ಯ ಮೊದಲು ಬರಬೇಕೋ ಎಂಬ ಹಳೆಯ ಪ್ರಶ್ನೆ ನನಗೆ ನಿಜವಾಗಿ ಎದುರಾದದ್ದು ಆ ದಿನ.

ಎರಡೂ ದಾರಿಗಳು ನಮ್ಮಲ್ಲಿವೆ

ಬೀಸುವ ಪದದಲ್ಲಿ ಕಲ್ಲು ತಿರುಗುವ ಗತಿ ಮೊದಲು, ಮಾತು ಅದರ ಹಿಂದೆ. ಜೋಗುಳಕ್ಕೆ ತೊಟ್ಟಿಲ ತೂಗು, ಕೋಲಾಟಕ್ಕೆ ಕೋಲಿನ ಪೆಟ್ಟು ಇದ್ದ ಹಾಗೆ. ಸಿನಿಮಾದಲ್ಲಿಯೂ ಮಟ್ಟು ಸಿದ್ಧವಾದ ಮೇಲೆ ಅದಕ್ಕೆ ಸಾಹಿತ್ಯ ಬರೆಯುವುದು ರೂಢಿಯಲ್ಲಿದೆ.

ಭಾವಗೀತೆಯಲ್ಲಿ ಇದು ತಿರುವುಮುರುವು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಸಂಕಲನ ಪ್ರಕಟವಾದದ್ದು 1942ರಲ್ಲಿ. ಅದೇ ಹೆಸರಿನ ಚಿತ್ರ ಬಂದದ್ದು 1992ರಲ್ಲಿ. ಅದಕ್ಕೆ ಸಂಗೀತ ನೀಡಿದವರು ಸಿ. ಅಶ್ವತ್ಥ್. ಮಾತು ಹುಟ್ಟಿ ಐವತ್ತು ವರ್ಷವಾದ ಮೇಲೂ ಅದಕ್ಕೆ ಹೊಸ ರಾಗ ಸಂಯೋಜನೆ ಸಾಧ್ಯವಾಯಿತು.

ಎರಡೂ ಸಾಧ್ಯವಿರುವಾಗ ವಿಜ್ಞಾನ ತರಗತಿಗೆ ಯಾವುದು ಸರಿ? ನನಗೆ ಉತ್ತರ ಸಿಕ್ಕಿದ್ದು ಕನ್ನಡ ಛಂದಸ್ಸಿನಲ್ಲಿ. ಅಭ್ಯಾಸ ಶಾಲೆಯ ಕನ್ನಡ ಮೇಡಂ ನನ್ನ ಹಾಡನ್ನು ನೋಡಿ, “ಮೊದಲು ಲಘು ಗುರು ಹಾಕಿ ನೋಡಿ” ಎಂದಷ್ಟೇ ಹೇಳಿದರು.

ಪದದೊಳಗೇ ಇರುವ ತಾಳ

ಪ್ರೌಢಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳೋಣ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ, ವ್ಯಂಜನದಿಂದ ಕೊನೆಗೊಳ್ಳುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, ಎರಡು ಮಾತ್ರೆ. ಒತ್ತು ಇರುವ ಅಕ್ಷರವೇ ಗುರುವಾಗುವುದಿಲ್ಲ, ಅದರ ಹಿಂದಿನದು ಆಗುತ್ತದೆ ಎಂಬುದನ್ನು ಮರೆಯಬಾರದು.

ಈ ಮಾತ್ರೆಗಳು ಮೂರು, ನಾಲ್ಕು ಅಥವಾ ಐದರ ಗುಂಪುಗಳಾಗಿ ಬಂದಾಗ ನಡಿಗೆ ಹುಟ್ಟುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕರ ಗಣಗಳು ಒಂದಾದ ಮೇಲೊಂದು ಬರುತ್ತವೆ. ಮಿಶ್ರಛಾಪು ತಾಳದ ಏಳು ಎಣಿಕೆಯೂ ಮೂರು ಕೂಡಿಸು ನಾಲ್ಕೇ. ಅಂದರೆ ಆ ಪದ್ಯಕ್ಕೆ ತಾಳವನ್ನು ಹೊರಗಿನಿಂದ ಹೊಂದಿಸಬೇಕಿಲ್ಲ, ಅದು ಮಾತಿನಲ್ಲೇ ಇದೆ.

ಈಗ ನಮ್ಮ ಪದವನ್ನು ನೋಡೋಣ. ದ್ಯು (1), ತಿ (1), ಸಂ (2), ಶ್ಲೇ (2), ಷ (1), ಣೆ (1). ಒಟ್ಟು ಎಂಟು. ದ್ಯುತಿಸಂ ನಾಲ್ಕು, ಶ್ಲೇಷಣೆ ನಾಲ್ಕು. ಪದ ತಾನಾಗಿಯೇ ನಾಲ್ಕರ ನಡಿಗೆಯಲ್ಲಿದೆ.

ನಾನು ಆರಿಸಿದ್ದ ಕೋಲಾಟದ ಮಟ್ಟು ಮೂರರ ನಡಿಗೆಯದು. ಅದರಲ್ಲಿ ‘ದ್ಯುತಿ’ ಎರಡು ಮಾತ್ರೆಗೆ ಮುಗಿಯುತ್ತದೆ, ಮೂರನೆಯದು ‘ಸಂ’ ಅಕ್ಷರದ ಮಧ್ಯಕ್ಕೆ ಬೀಳುತ್ತದೆ. ಅಕ್ಷರವನ್ನು ಸೀಳಿ ಹಾಡಲು ಬಾಯಿ ಒಪ್ಪುವುದಿಲ್ಲ. ಅದಕ್ಕೆ ಮಕ್ಕಳು ‘ತಿ’ಯನ್ನು ಎಳೆದು ‘ದ್ಯುತೀ’ ಮಾಡಿ ಮೂರು ತುಂಬಿಸಿದರು. ಕೊನೆಯ ‘ಣೆ’ ಕೂಡ ಎಳೆಯಿತು, ಆದರೆ ಸಾಲಿನ ಕೊನೆಯ ಎಳೆತ ಹಾಡಿನದು ಎಂದು ಅವರಿಗೆ ಗೊತ್ತು. ಪದದ ನಡುವಿನ ಎಳೆತವನ್ನು ಮಾತ್ರ ಕಾಗುಣಿತವೆಂದೇ ನಂಬಿದರು.

ಮತ್ತೆ ಕಟ್ಟಿದ ಹಾಡು

ಪಾಠದ ಉಳಿದ ಪದಗಳನ್ನೂ ಹೀಗೆಯೇ ಎಣಿಸಿದೆ. ‘ಇಂಗಾಲದ ಡೈಆಕ್ಸೈಡ್’ ಹನ್ನೆರಡು ಮಾತ್ರೆ, ಸರಿಯಾಗಿ ಮೂರು ನಾಲ್ಕುಗಳು. ‘ಗ್ಲೂಕೋಸ್’ ನಾಲ್ಕು. ‘ಆಮ್ಲಜನಕ’ ಆರು, ‘ಆಮ್ಲಜನಕವನು’ ಎಂದರೆ ಎಂಟು. ‘ಪತ್ರಹರಿತ್ತು’ ಮಾತ್ರ ಮೂರು ಮತ್ತು ನಾಲ್ಕು, ಒಟ್ಟು ಏಳು. ಅದನ್ನು ಹಾಡಿಗೆ ತುರುಕದೆ ಕಪ್ಪುಹಲಗೆಯ ಚಿತ್ರಕ್ಕೆ ಬಿಟ್ಟೆ. ನಾಲ್ಕರ ಚಪ್ಪಾಳೆ ಗಟ್ಟಿಮಾಡಿಕೊಂಡು ಹೀಗೆ ಬರೆದೆ:

ಇಂಗಾಲದ ಡೈಆಕ್ಸೈಡ್ ನೀರೂ
ಹಸಿರೆಲೆಯೊಳಗಡೆ ಬೆಳಕಲಿ ಸೇರಿ
ಆಮ್ಲಜನಕವನು ಹೊರಗಡೆ ಬಿಟ್ಟು
ಗ್ಲೂಕೋಸ್ ಆಗುವ ಕೆಲಸದ ಹೆಸರು
ದ್ಯುತಿಸಂಶ್ಲೇಷಣೆ, ಮರೆಯದೆ ಬರೆಯಿರಿ

ಕಾವ್ಯವಾಗಿ ಇದು ಸಾಧಾರಣ. ಆದರೆ ಪಾಠದ ಯಾವ ಪದವೂ ಇದರಲ್ಲಿ ತನ್ನ ಉಚ್ಚಾರಣೆ ಕಳೆದುಕೊಳ್ಳುವುದಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುವ ಕ್ರಮ ಇದು:

1. ಪಾಠದಲ್ಲಿ ಬದಲಿಸಲಾಗದ ಮೂರು ನಾಲ್ಕು ಪಾರಿಭಾಷಿಕ ಪದಗಳನ್ನು ಮೊದಲು ಬರೆದುಕೊಳ್ಳಿ.
2. ಅವುಗಳಿಗೆ ಲಘು ಗುರು ಹಾಕಿ, ಯಾವ ಗುಂಪಿಗೆ ಒಡೆಯುತ್ತವೆ ಎಂದು ನೋಡಿ.
3. ಹೆಚ್ಚಿನ ಪದಗಳಿಗೆ ಒಗ್ಗುವ ತಾಳವನ್ನು ಆರಿಸಿ. ಒಗ್ಗದ ಪದವನ್ನು ಹಾಡಿನ ಹೊರಗೆ ಕಲಿಸಿ.
4. ಉಳಿದ ಮಾತುಗಳನ್ನು ಆ ತಾಳಕ್ಕೆ ಹೊಂದಿಸಿ. ‘ಎಲೆ’, ‘ಬೆಳಕು’ ಇಂಥವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಬೇರೆ ಪದ ಹಾಕಬಹುದು.
5. ಹಾಡಿಸಿದ ದಿನವೇ ಆ ಪದಗಳನ್ನು ಉಕ್ತಲೇಖನ ಬರೆಸಿ.

ಹೀಗೆ ನೋಡಿದರೆ ತಾಳ ಮೊದಲು ಎಂಬುದೂ ಸರಿ, ಮಾತು ಮೊದಲು ಎಂಬುದೂ ಸರಿ. ತರಗತಿಯ ಹಾಡಿನಲ್ಲಿ ಪಾರಿಭಾಷಿಕ ಪದ ಮೊದಲು, ಆ ಪದ ಕೇಳುವ ತಾಳ ಆಮೇಲೆ, ಉಳಿದ ಸಾಹಿತ್ಯ ಕೊನೆಗೆ. ಮನರಂಜನೆಗಾಗಿ ಕಟ್ಟುವ ಹಾಡಿಗೆ ಈ ಕಟ್ಟು ಬೇಕಿಲ್ಲ. ಅಲ್ಲಿ ಎಳೆದರೂ ಯಾರೂ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದಿಲ್ಲ.

ಹೊಸ ಹಾಡು ಕಲಿಸಿದ ಮೇಲೆ ಉಕ್ತಲೇಖನ ಬರೆಸಿದೆ. ಆ ಹುಡುಗಿ ಹ್ರಸ್ವ ‘ತಿ’ ಬರೆದು, ಅದರ ಕೆಳಗೆ ತಾನೇ ಒಂದು ಗೆರೆ ಎಳೆದಿದ್ದಳು. ಕೆಲವರು ಮಾತ್ರ ಇನ್ನೂ ದೀರ್ಘವನ್ನೇ ಬರೆದಿದ್ದರು. ಹಾಡಿನಿಂದ ಕಲಿತದ್ದು ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ತಪ್ಪಾಗಿ ಕಲಿತದ್ದೂ ಸಹ. ಬೋಧನಾಭ್ಯಾಸ ಮುಗಿದು ನಾನು ಕಾಲೇಜಿಗೆ ಮರಳುವ ಮುನ್ನ ಆ ಮಕ್ಕಳ ಹೆಸರುಗಳನ್ನು ಬರೆದು ಅವರ ವಿಜ್ಞಾನ ಶಿಕ್ಷಕರಿಗೆ ಕೊಟ್ಟು ಬಂದೆ.